ಒಂದು ಟ್ಯಾಂಕರ್, ನಾಲ್ಕು ಸಂಪು

2024ರ ಮಾರ್ಚ್. ಬೆಂಗಳೂರಿನಲ್ಲಿ ಎಲ್ಲಿ ನೋಡಿದರೂ ನೀರಿನದೇ ಮಾತು. ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧ ಬತ್ತಿವೆ ಎಂದು ಸರ್ಕಾರವೇ ಹೇಳಿತ್ತು. ನಮ್ಮ ಬೀದಿಯದ್ದೂ ಬತ್ತಿತ್ತು. ಟ್ಯಾಂಕರ್‌ನವನಿಗೆ ಫೋನ್ ಮಾಡಿದೆ. "ಹನ್ನೆರಡು ಸಾವಿರ ಲೀಟರ್‌ದು ಮಾತ್ರ ಇದೆ ಸಾರ್, ಚಿಕ್ಕ ಗಾಡಿ ಬರಲ್ಲ" ಎಂದ. ನಮ್ಮ ಸಂಪು ಹಿಡಿಯುವುದೇ ನಾಲ್ಕೂವರೆ ಸಾವಿರ. ಐದು ಕಿಲೋಮೀಟರ್ ಒಳಗಾದರೆ 12,000 ಲೀಟರ್‌ಗೆ 1,000 ರೂಪಾಯಿ ಎಂದು ಆಗ ತಾನೆ ಜಿಲ್ಲಾಡಳಿತ ದರ ಕಟ್ಟಿತ್ತು. ಅವನ ಬಾಯಲ್ಲಿ ಬಂದ ದರ ಬೇರೆ. ಅದಿರಲಿ ಬಿಡಿ. ಮಿಕ್ಕ ನೀರನ್ನು ಎಲ್ಲಿ ಸುರಿಯುವುದು?

ಅಕ್ಕಪಕ್ಕದವರನ್ನು ಕೇಳಬೇಕಾಯಿತು. ಎಡಗಡೆ ಮನೆಯಲ್ಲಿ ತಮಿಳು ಮಾತಾಡುವ ಅಜ್ಜ, ಅಜ್ಜಿ. ಎದುರು ಮನೆ ಗ್ಯಾರೇಜ್ ಇಟ್ಟುಕೊಂಡಿರುವ ಭಾಯ್ ಅವರದು, ಮನೆಮಾತು ಉರ್ದು. ಮೂಲೆಯಲ್ಲಿ ಪಿ.ಜಿ., ಬಿಹಾರ ಮತ್ತು ಒಡಿಶಾ ಕಡೆಯ ಹುಡುಗರು. ನಾವು ಹಾಸನದ ಕಡೆಯವರು. ಆರು ವರ್ಷದಿಂದ ಒಂದೇ ಬೀದಿಯಲ್ಲಿದ್ದೇವೆ. ಜಗಳ ಇಲ್ಲ, ತಂಟೆ ಇಲ್ಲ. ರಂಜಾನ್‌ಗೆ ಎದುರು ಮನೆಯಿಂದ ಶೀರ್ ಕುರ್ಮಾ ಬಂತು, ಯುಗಾದಿಗೆ ನಮ್ಮನೆಯಿಂದ ಒಬ್ಬಟ್ಟು ಹೋಯಿತು. ಡಬ್ಬಿ ವಾಪಸ್ ಕೊಡುವಾಗ ಗೇಟಿನ ಹತ್ತಿರವೇ ನಿಂತು ಎರಡು ಮಾತಾಡಿ ಬಂದೆವು. ಭಾಯ್ ಅವರ ನಂಬರ್ ನನ್ನ ಫೋನಿನಲ್ಲಿ 'ಬಿಳಿ ಸ್ವಿಫ್ಟ್' ಎಂದು ಇತ್ತು. ನಮ್ಮ ಗೇಟಿಗೆ ಅಡ್ಡ ಗಾಡಿ ನಿಂತಾಗ ಬೇಕಾಗುತ್ತದೆ ಅಂತ ಬರೆದುಕೊಂಡಿದ್ದು. ಹೆಸರು ಕೇಳಿರಲಿಲ್ಲ.

ಟ್ಯಾಂಕರ್ ಬಂದಾಗ ರಾತ್ರಿ ಹನ್ನೊಂದೂವರೆ. ಭಾಯ್ ಗ್ಯಾರೇಜಿನಿಂದ ಉದ್ದನೆಯ ಪೈಪು ತಂದರು. ಪಿ.ಜಿ. ಹುಡುಗರು ಸಂಪಿನ ಮುಚ್ಚಳ ಎತ್ತಿದರು. ನಾಲ್ಕು ಮನೆಗೆ ಮೂರು ಮೂರು ಸಾವಿರ ಲೀಟರ್ ಎಂದು ಮಾತಾಗಿತ್ತು. ಆದರೆ ಮೂರು ಸಾವಿರ ಆಯಿತು ಅಂತ ಗೊತ್ತಾಗುವುದು ಹೇಗೆ? ಅಲ್ಲೇ ಮಾತು ಸ್ವಲ್ಪ ಬಿಸಿಯಾಯಿತು. ಆಗ ಅಜ್ಜ ಒಳಗೆ ಹೋಗಿ ಟೇಪು, ಒಂದು ಬಿದಿರು ಕೋಲು, ಮಕ್ಕಳ ಪೇಂಟ್ ಡಬ್ಬಿ ತಂದರು. ನಮ್ಮ ಸಂಪು ಆರು ಅಡಿ ಉದ್ದ, ಐದು ಅಡಿ ಅಗಲ. ನೀರು 42 ಇಂಚು ಏರಿದರೆ ಮೂರು ಸಾವಿರ ಲೀಟರ್. ಕೋಲಿನ ಮೇಲೆ ಕೆಂಪು ಗೆರೆ ಎಳೆದರು. ಭಾಯ್ ಮನೆಯ ಸಂಪಿನ ಅಳತೆ ಬೇರೆ, ಅದಕ್ಕೆ ನೀಲಿ. ಪಿ.ಜಿ.ಗೆ ಹಸಿರು. ತಮ್ಮದಕ್ಕೆ ಹಳದಿ. ಒಬ್ಬ ಹುಡುಗ ಮೊಬೈಲ್ ಟಾರ್ಚ್ ಹಿಡಿದ, ಒಬ್ಬ ಕೋಲು ಇಳಿಬಿಟ್ಟ. ಅರ್ಧ ಕನ್ನಡ, ಅರ್ಧ ಹಿಂದಿ, ನಡುನಡುವೆ ತಮಿಳು. ಒಂದೂವರೆ ಗಂಟೆಗೆ ಕೆಲಸ ಮುಗಿಯಿತು. ಅಜ್ಜಿ ಎಲ್ಲರಿಗೂ ಕಾಫಿ ಕೊಟ್ಟರು.

ಆರು ವರ್ಷದ ನಮಸ್ಕಾರ, ಶೀರ್ ಕುರ್ಮಾ, ಒಬ್ಬಟ್ಟಿನಿಂದ ಆಗದ್ದು ಎರಡು ಗಂಟೆಯಲ್ಲಿ ಹೇಗಾಯಿತು? ನನಗೆ ಇದೇ ತಲೆಯಲ್ಲಿ ಕೊರೆಯತೊಡಗಿತು. ಓದುತ್ತಾ ಹೋದರೆ, ಇದೇ ಪ್ರಶ್ನೆಯ ಹಿಂದೆ ಬಿದ್ದವರು ಎಪ್ಪತ್ತು ವರ್ಷದಿಂದ ಇದ್ದಾರೆ.

ಪರಿಚಯ ಆದರೆ ಸಾಕಾ?

ನಾವೆಲ್ಲ ಸಾಮಾನ್ಯವಾಗಿ ನಂಬಿರುವುದು ಇಷ್ಟು: ಜನ ಬೆರೆತರೆ ದ್ವೇಷ ತಾನಾಗಿ ಕರಗುತ್ತದೆ. ಬೇರೆ ಜಾತಿ, ಬೇರೆ ಧರ್ಮ, ಬೇರೆ ಭಾಷೆಯವರು ಒಂದೇ ಬೀದಿಯಲ್ಲಿದ್ದರೆ ಸಾಕು, ಮಿಕ್ಕಿದ್ದನ್ನು ಕಾಲ ನೋಡಿಕೊಳ್ಳುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಊರಲ್ಲಿ ನೂರಾರು ವರ್ಷ ಅಕ್ಕಪಕ್ಕ ಬದುಕಿಯೂ ಒಂದು ಕೇರಿಯವರು ಇನ್ನೊಂದು ಕೇರಿಯ ಬಾವಿಯನ್ನು ಮುಟ್ಟಿರಲಿಲ್ಲ. ದಿನಾ ಮುಖ ನೋಡುತ್ತಿದ್ದವರೇ ಅವರು. ಪರಿಚಯಕ್ಕೇನೂ ಕೊರತೆ ಇರಲಿಲ್ಲ.

ಹಾರ್ವರ್ಡ್‌ನಲ್ಲಿ ಪಾಠ ಹೇಳುತ್ತಿದ್ದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಇದನ್ನೇ ಹೇಳಿದ. ಸುಮ್ನೆ ಅಕ್ಕಪಕ್ಕ ಇದ್ದರೆ ಪೂರ್ವಗ್ರಹ ಹೋಗುವುದಿಲ್ಲ, ಒಮ್ಮೊಮ್ಮೆ ಜಾಸ್ತಿಯೂ ಆಗಬಹುದು. ಒಡನಾಟ ಕೆಲಸ ಮಾಡಬೇಕಾದರೆ ನಾಲ್ಕು ವಿಷಯ ಕೂಡಿ ಬರಬೇಕು ಎಂದ. ಆ ಹೊತ್ತಿಗೆ ಇಬ್ಬರೂ ಸಮಾನರಾಗಿರಬೇಕು. ಇಬ್ಬರಿಗೂ ಬೇಕಾದ ಒಂದೇ ಗುರಿ ಇರಬೇಕು. ಅದು ಒಬ್ಬರಿಗೊಬ್ಬರು ಕೈ ಜೋಡಿಸದೆ ಆಗದಂಥದ್ದಾಗಿರಬೇಕು. ಇದು ಸರಿ ಎಂದು ಮೇಲಿನವರು, ಅಂದರೆ ಕಾನೂನು, ಊರ ಹಿರಿಯರು, ಸಂಸ್ಥೆ ಯಾರಾದರೂ ಬೆನ್ನಿಗಿರಬೇಕು.

ನಮ್ಮ ಟ್ಯಾಂಕರ್ ರಾತ್ರಿಗೆ ಇದನ್ನು ಹಚ್ಚಿ ನೋಡಿ. ಎಲ್ಲರ ಸಂಪೂ ಖಾಲಿ, ಎಲ್ಲರಿಗೂ ಮೂರು ಸಾವಿರ. ಸ್ವಂತ ಮನೆಯವರಿಗೂ ಪಿ.ಜಿ. ಹುಡುಗರಿಗೂ ಕೋಲು ಒಂದೇ. ಗಾಡಿ 12,000 ಲೀಟರ್‌ದು, ಒಬ್ಬರೇ ತರಿಸಲು ಆಗುವುದಿಲ್ಲ. ಪೈಪು ಒಬ್ಬರದು, ಲೆಕ್ಕ ಒಬ್ಬರದು, ರಟ್ಟೆ ಇನ್ನೊಬ್ಬರದು. ನಾಲ್ಕನೆಯದು ಮಾತ್ರ ನಮ್ಮಲ್ಲಿ ಇರಲಿಲ್ಲ. ಅಜ್ಜನ ಮಾತಿಗೆ ಬೀದಿಯಲ್ಲಿ ಇದ್ದ ಬೆಲೆಯನ್ನು ಬೇಕಾದರೆ ಲೆಕ್ಕಕ್ಕೆ ಹಿಡಿಯಬಹುದು.

ಒಬ್ಬಟ್ಟಿಗೆ ಈ ಶಕ್ತಿ ಯಾಕಿಲ್ಲ ಎಂಬುದಕ್ಕೂ ಇಲ್ಲೇ ಉತ್ತರ ಇದೆ. ಒಬ್ಬಟ್ಟು ಕೊಡುವಾಗ ನಾನು ಕೊಡುವವನು, ಅವರು ತೆಗೆದುಕೊಳ್ಳುವವರು. ಇಬ್ಬರೂ ಒಳ್ಳೆಯ ಬಟ್ಟೆ ಹಾಕಿಕೊಂಡು, ಒಳ್ಳೆಯ ಮಾತಾಡಿ, ತಮ್ಮ ತಮ್ಮ ಮನೆಗೆ ಹೋಗುತ್ತೇವೆ. ಯಾರಿಗೂ ಯಾರೂ ಬೇಕಾಗಿರುವುದಿಲ್ಲ. ಒಬ್ಬಟ್ಟು ಕೊಡಬೇಡಿ ಅಂತಲ್ಲ. ಆದರೆ ವರ್ಷಕ್ಕೊಂದು ಸಲ 'ಸೌಹಾರ್ದ ಕೂಟ' ಮಾಡಿ, ಫೋಟೊ ತೆಗೆದು, ಕೆಲಸ ಮುಗಿಯಿತು ಅಂದುಕೊಳ್ಳುವುದಿದೆಯಲ್ಲ, ಅದು ನನಗೆ ಹಿಡಿಸುವುದಿಲ್ಲ. ಚುನಾವಣೆಗೆ ಮೊದಲು ದಲಿತರ ಮನೆಯಲ್ಲಿ ಊಟ ಮಾಡುವ ನಾಯಕರ ಫೋಟೊಗಳೂ ಇದೇ ಜಾತಿಯವು. ಮಾರನೇ ದಿನ ಆ ಮನೆಯವರಿಗೆ ಆ ನಾಯಕರ ಮನೆಯ ಗೇಟು ತೆಗೆಯುತ್ತದೆಯಾ?

ಹಗ್ಗ ಅದೇ, ಎಳೆದದ್ದು ಬೇರೆ

ಆಲ್‌ಪೋರ್ಟ್ ಪುಸ್ತಕ ಬಂದ ವರ್ಷವೇ ಅಮೆರಿಕದ ಒಕ್ಲಹೋಮಾದಲ್ಲಿ ಒಂದು ಬೇಸಿಗೆ ಶಿಬಿರ ನಡೆಯಿತು. ಟರ್ಕಿಯಲ್ಲಿ ಹುಟ್ಟಿ ಬೆಳೆದ ಮುಜಾಫರ್ ಶೆರಿಫ್ ಎಂಬ ಮನಶ್ಶಾಸ್ತ್ರಜ್ಞ ಹನ್ನೊಂದು ಹನ್ನೆರಡು ವರ್ಷದ 22 ಹುಡುಗರನ್ನು ರಾಬರ್ಸ್ ಕೇವ್ ಎಂಬ ಕಾಡಿನ ಪಾರ್ಕಿಗೆ ಕರೆದುಕೊಂಡು ಹೋದ. ಎರಡು ಗುಂಪು ಮಾಡಿದ. ಒಂದು ಗುಂಪು 'ಈಗಲ್ಸ್' ಎಂದು ಹೆಸರಿಟ್ಟುಕೊಂಡಿತು, ಇನ್ನೊಂದು 'ರ‍್ಯಾಟ್ಲರ್ಸ್'. ಹುಡುಗರಲ್ಲಿ ದೊಡ್ಡ ವ್ಯತ್ಯಾಸ ಏನೂ ಇರಲಿಲ್ಲ. ಎಲ್ಲರೂ ಒಂದೇ ತರಹದ ಮನೆಗಳಿಂದ ಬಂದವರು. ಆಮೇಲೆ ಪಂದ್ಯ ಇಟ್ಟರು: ಬೇಸ್‌ಬಾಲ್, ಹಗ್ಗ ಜಗ್ಗಾಟ. ಗೆದ್ದವರಿಗೆ ಪದಕ, ಚಾಕು. ಕೆಲವೇ ದಿನದಲ್ಲಿ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು. ರಾತ್ರಿ ಹೋಗಿ ಎದುರಾಳಿಗಳ ಕೋಣೆ ಕೆಡವಿ ಬಂದರು.

ಈಗ ಇವರನ್ನು ಒಂದು ಮಾಡಬೇಕು. ಶೆರಿಫ್ ಮೊದಲು ಮಾಡಿದ್ದು ನಮ್ಮ ಸೌಹಾರ್ದ ಕೂಟದಂಥದ್ದೇ. ಒಟ್ಟಿಗೆ ಕೂರಿಸಿ ಊಟ ಹಾಕಿದ, ಸಿನಿಮಾ ತೋರಿಸಿದ. ಹುಡುಗರು ಊಟವನ್ನೇ ಒಬ್ಬರ ಮೇಲೊಬ್ಬರು ಎಸೆದಾಡಿದರು. ಒಟ್ಟಿಗೆ ಸೇರಿಸಿದ್ದು ಜಗಳಕ್ಕೆ ಇನ್ನೊಂದು ಜಾಗ ಕೊಟ್ಟಂತಾಯಿತು, ಅಷ್ಟೇ.

ಆಮೇಲೆ ಶಿಬಿರಕ್ಕೆ ನೀರು ನಿಂತಿತು. ನಿಲ್ಲಿಸಿದವರು ಶಿಬಿರದವರೇ, ಹುಡುಗರಿಗೆ ಅದು ಗೊತ್ತಿಲ್ಲ. ಎರಡೂ ಗುಂಪು ಬಾಯಾರಿಕೊಂಡು ಟ್ಯಾಂಕಿನವರೆಗೆ ಹೋಗಿ ಹುಡುಕಿದರು. ನಲ್ಲಿಗೆ ಗೋಣಿಚೀಲ ತುರುಕಿತ್ತು. ಎಲ್ಲ ಸೇರಿ ಅದನ್ನು ಎಳೆದು ತೆಗೆದರು. ಮತ್ತೊಂದು ದಿನ ಊಟ ತರಬೇಕಾದ ಟ್ರಕ್ ಕೆಟ್ಟು ನಿಂತಿತು. ಒಬ್ಬ ಹುಡುಗನಿಗೆ ಹೊಳೆಯಿತು: ಹಗ್ಗ ಕಟ್ಟಿ ಎಳೆಯೋಣ. ಮೊನ್ನೆ ಒಬ್ಬರ ವಿರುದ್ಧ ಒಬ್ಬರು ಜಗ್ಗಿದ್ದ ಅದೇ ಹಗ್ಗ. ಈ ಸಲ ಎಲ್ಲರೂ ಒಂದೇ ಕಡೆ. ಇಂಥವು ಒಂದಾದ ಮೇಲೊಂದು ನಡೆದವು. ಒಂದೇ ಸಲಕ್ಕೆ ಮನಸ್ಸು ಬದಲಾಗಲಿಲ್ಲ. ನೀರು ಬಂದ ದಿನ ರಾತ್ರಿಯೇ ಮತ್ತೆ ಊಟದ ಹೊತ್ತಿಗೆ ಜಗಳ ಆಗಿತ್ತು. ಆದರೆ ಕೊನೆಗೆ ಮನೆಗೆ ಹೋಗುವಾಗ ಹುಡುಗರು ಒಂದೇ ಬಸ್ಸಿನಲ್ಲಿ ಹೋಗೋಣ ಎಂದರು. ದಾರಿಯಲ್ಲಿ ರ‍್ಯಾಟ್ಲರ್ಸ್ ತಾವು ಗೆದ್ದಿದ್ದ ಐದು ಡಾಲರಿನಲ್ಲಿ ಎಲ್ಲರಿಗೂ ಮಾಲ್ಟೆಡ್ ಮಿಲ್ಕ್ ಕೊಡಿಸಿದರು.

ಮಕ್ಕಳಿಗೆ ಗೊತ್ತಾಗದ ಹಾಗೆ ಅವರ ನಡುವೆ ದ್ವೇಷ ಹುಟ್ಟಿಸುವುದನ್ನು ಇವತ್ತು ಯಾವ ವಿಶ್ವವಿದ್ಯಾಲಯವೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಇನ್ನೊಂದು ಸಂಗತಿ ಕಡಿಮೆ ಜನ ಹೇಳುತ್ತಾರೆ. ಹಿಂದಿನ ವರ್ಷ, 1953ರಲ್ಲಿ, ಶೆರಿಫ್ ನ್ಯೂಯಾರ್ಕ್ ರಾಜ್ಯದಲ್ಲಿ ಇದೇ ಪ್ರಯೋಗ ಮಾಡಲು ಹೋಗಿ ಸೋತಿದ್ದ. ಆ ಸಲ ಹುಡುಗರಿಗೆ ಗುಂಪು ಮಾಡುವ ಮೊದಲೇ ಸ್ನೇಹ ಆಗಿತ್ತು. ಎಷ್ಟು ಕೆಣಕಿದರೂ ಅವರು ಜಗಳಕ್ಕೆ ಬೀಳಲಿಲ್ಲ. ದೊಡ್ಡವರ ಮೇಲೆಯೇ ಅನುಮಾನಪಟ್ಟರು. ನನಗಂತೂ ಗೆದ್ದ ಪ್ರಯೋಗಕ್ಕಿಂತ ಈ ಸೋತ ಪ್ರಯೋಗ ಜಾಸ್ತಿ ಇಷ್ಟ.

ಒಂದೇ ತಂಡವಾ, ಎದುರಾಳಿಯಾ?

ಅದು ಹಳೇ ಕತೆ, ಅದೂ ಅಮೆರಿಕದ್ದು. ನಮ್ಮ ದೇಶದ್ದು, ಇತ್ತೀಚಿನದು ಒಂದು ಹೇಳುತ್ತೇನೆ. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಬೇರೆ ಬೇರೆ ಜಾತಿಯ 1,261 ಯುವಕರನ್ನು ಸೇರಿಸಿಕೊಂಡ. ಚೀಟಿ ಎತ್ತಿದ ಹಾಗೆ ಕೆಲವರನ್ನು ಕ್ರಿಕೆಟ್ ಲೀಗಿಗೆ ಹಾಕಿದ, ಕೆಲವರನ್ನು ಹೊರಗೆ ಬಿಟ್ಟ. ಲೀಗಿನಲ್ಲಿ ಕೆಲವು ತಂಡ ಒಂದೇ ಜಾತಿಯವರದು, ಕೆಲವು ಬೆರಕೆ. ಎದುರಿಗೆ ಸಿಗುವ ತಂಡಗಳೂ ಹೀಗೇ ಬೇರೆ ಬೇರೆ. ಆಟವೆಲ್ಲ ಮುಗಿದ ಮೇಲೆ ಯಾರಿಗೆ ಯಾರು ಸ್ನೇಹಿತರಾದರು, ಯಾರು ಯಾರನ್ನು ನಂಬುತ್ತಾರೆ ಎಂದು ನೋಡಿದ. 2021ರಲ್ಲಿ ಫಲಿತಾಂಶ ಪ್ರಕಟವಾಯಿತು.

ಬೇರೆ ಜಾತಿಯವರ ಜೊತೆ ಒಂದೇ ತಂಡದಲ್ಲಿ ಆಡಿದವರಿಗೆ ಬೇರೆ ಜಾತಿಯ ಸ್ನೇಹಿತರು ಜಾಸ್ತಿ ಆದರು. ತಮ್ಮ ಜಾತಿಯವರನ್ನೇ ಆರಿಸುವ ಚಾಳಿ ಕಡಿಮೆ ಆಯಿತು. ಎದುರಾಳಿಯಾಗಿ ಮಾತ್ರ ಆಡಿದವರಲ್ಲಿ ಬಹುಮಟ್ಟಿಗೆ ಇದಕ್ಕೆ ಉಲ್ಟಾ ಆಯಿತು. ಮೈದಾನ ಒಂದೇ, ಬ್ಯಾಟು ಬಾಲು ಒಂದೇ. ಭೇಟಿ ಎರಡರಲ್ಲೂ ಇತ್ತು. ಹೆಗಲು ಯಾವ ಕಡೆ ಇತ್ತು ಎಂಬುದರಿಂದ ಎಲ್ಲ ಬದಲಾಯಿತು.

ಇದನ್ನು ಓದಿದಾಗ ನಮ್ಮ ಕಡೆಯ ಟೆನ್ನಿಸ್ ಬಾಲ್ ಟೂರ್ನಿಗಳು ನೆನಪಾದವು. ಎಷ್ಟೋ ಕಡೆ ಕೇರಿಗೊಂದು ತಂಡ, ಜಾತಿಗೊಂದು ಕಪ್ಪು. ಆಯೋಜಕರು 'ಕ್ರೀಡೆ ಎಲ್ಲರನ್ನೂ ಒಂದು ಮಾಡುತ್ತದೆ' ಎಂದು ಭಾಷಣ ಬಿಗಿಯುತ್ತಾರೆ. ತಂಡ ಮಾಡಿದ ರೀತಿ ನೋಡಿದರೆ ಕ್ರೀಡೆ ಪಾಪ ಏನು ಮಾಡೀತು?

ಈ ಮದ್ದಿಗೂ ಮಿತಿ ಇದೆ. ಇರಾಕಿನಲ್ಲಿ 2014ರಲ್ಲಿ ಐಸಿಸ್ ದಾಳಿಗೆ ಸಿಕ್ಕಿ ಕ್ರೈಸ್ತರು ಊರು ಬಿಟ್ಟು ಓಡಿಹೋಗಿದ್ದರು. ಸಲ್ಮಾ ಮೂಸಾ ಎಂಬ ಸಂಶೋಧಕಿ ಇಂಥ ಕ್ರೈಸ್ತರ ಫುಟ್‌ಬಾಲ್ ಲೀಗ್ ನಡೆಸಿದರು. ಕೆಲವು ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿದರು, ಕೆಲವಕ್ಕೆ ಇನ್ನಷ್ಟು ಕ್ರೈಸ್ತರನ್ನೇ. 2020ರಲ್ಲಿ ಬಂದ ಅವರ ವರದಿ ಹೇಳುವುದು ಇದು: ಬೆರೆತು ಆಡಿದವರು ಮುಂದಿನ ಸಲವೂ ಬೆರಕೆ ತಂಡ ಬೇಕೆಂದರು. ಕ್ರೀಡಾಮನೋಭಾವದ ಬಹುಮಾನಕ್ಕೆ ಬೇರೆ ತಂಡದ ಮುಸ್ಲಿಂ ಆಟಗಾರನಿಗೂ ವೋಟು ಹಾಕಿದರು. ಆರು ತಿಂಗಳಾದ ಮೇಲೂ ಮುಸ್ಲಿಮರ ಜೊತೆ ಅಭ್ಯಾಸ ಮಾಡುತ್ತಿದ್ದರು. ಆದರೆ ಮೈದಾನದ ಆಚೆ? ಮೋಸುಲ್ ನಗರದ ಹೋಟೆಲಿಗೆ ಹೋಗಿ ಊಟ ಮಾಡುವ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. 'ನನ್ನ ತಂಡದ ಮುಸ್ಲಿಂ ಹುಡುಗ ಒಳ್ಳೆಯವನು' ಎಂಬುದು 'ಮುಸ್ಲಿಮರನ್ನು ನಂಬಬಹುದು' ಎಂಬಲ್ಲಿಗೆ ತಾನಾಗಿ ಹೋಗಲಿಲ್ಲ.

ಇದು ನಮಗೆ ಗೊತ್ತಿಲ್ಲದ್ದೇನಲ್ಲ. 'ಅವರ ಪೈಕಿ ನೀನು ಬೇರೆ ಬಿಡಪ್ಪಾ' ಎಂಬ ಮಾತನ್ನು ಎಷ್ಟು ಸಲ ಕೇಳಿಲ್ಲ? ಒಬ್ಬನನ್ನು ಹೊಗಳಿ ಅವನ ಇಡೀ ಕುಲವನ್ನು ಬೈಯುವ ಮಾತು ಅದು. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ.

ತಿಳಿವಳಿಕೆ ಅಲ್ಲ, ಅಂಜಿಕೆ

ಒಳಗೆ ಏನು ನಡೆಯುತ್ತದೆ? ಆಲ್‌ಪೋರ್ಟ್ ಶಿಷ್ಯ ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ 2006ರಲ್ಲಿ 515 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 38 ದೇಶ, ಎರಡೂವರೆ ಲಕ್ಷಕ್ಕೂ ಜಾಸ್ತಿ ಜನ. ಒಡನಾಟ ಇದ್ದಲ್ಲಿ ಪೂರ್ವಗ್ರಹ ಕಡಿಮೆ ಎಂಬುದು ಹೆಚ್ಚುಕಡಿಮೆ ಎಲ್ಲೆಡೆ ಕಂಡಿತು. ಆಲ್‌ಪೋರ್ಟ್ ಹೇಳಿದ ನಾಲ್ಕೂ ಕೂಡಿ ಬಂದರೆ ಪರಿಣಾಮ ಜಾಸ್ತಿ. ಪೂರ್ತಿ ಕೂಡಿ ಬರದಿದ್ದರೂ ಅಷ್ಟಿಷ್ಟು ಇದ್ದೇ ಇದೆ.

ಎರಡು ವರ್ಷ ಬಿಟ್ಟು ಅವರೇ ಇನ್ನೊಂದು ಪ್ರಶ್ನೆ ಎತ್ತಿಕೊಂಡರು. ಒಡನಾಟದಿಂದ ಬದಲಾಗುವುದು ಏನು? ಎದುರಿನವರ ಬಗ್ಗೆ ತಿಳಿವಳಿಕೆ ಹೆಚ್ಚುವುದರಿಂದ ಆಗುವ ಲಾಭ ಸಣ್ಣದು. ಅಂಜಿಕೆ ಕಡಿಮೆಯಾಗುವುದು, ಅವರ ಜಾಗದಲ್ಲಿ ನಿಂತು ನೋಡುವುದು, ಇವೆರಡೇ ದೊಡ್ಡವು. ಅಂಜಿಕೆ ಅಂದರೆ ದೊಡ್ಡ ಭಯವೇ ಆಗಬೇಕಿಲ್ಲ. ಏನು ಮಾತಾಡಲಿ, ಏನು ಕೇಳಿದರೆ ತಪ್ಪಾಗುತ್ತೋ, ಅವರ ಮನೆಯಲ್ಲಿ ನೀರು ಕೊಟ್ಟರೆ ಏನು ಮಾಡಲಿ ಎಂಬ ಮುಜುಗರವೂ ಅದೇ. ಒಟ್ಟಿಗೆ ಪೈಪು ಹಿಡಿದಾಗ ಆ ಮುಜುಗರಕ್ಕೆ ಪುರುಸೊತ್ತೇ ಇರುವುದಿಲ್ಲ. ಮಾತಾಡಲು ವಿಷಯ ಕೈಯಲ್ಲೇ ಇರುತ್ತದೆ: "ಹಿಡ್ಕೊಳ್ಳಿ, ಬಿಡಬೇಡಿ, ಇನ್ನು ನಾಲ್ಕು ಇಂಚು."

ಅದಕ್ಕೇ 'ಅವರ ಸಂಸ್ಕೃತಿ ಪರಿಚಯಿಸೋಣ' ಎಂಬ ಕಾರ್ಯಕ್ರಮಗಳಿಗೆ ಸಿಗುವ ಫಲ ಕಡಿಮೆ. ರಂಜಾನ್ ಯಾಕೆ ಮಾಡುತ್ತಾರೆ ಎಂದು ನನಗೆ ಆರು ವರ್ಷದಿಂದ ಗೊತ್ತಿತ್ತು. ಭಾಯ್ ಹೆಸರು ಗೊತ್ತಿರಲಿಲ್ಲ.

ಊರು ದೊಡ್ಡದಾದಾಗ

ನಾಲ್ಕು ಮನೆಗೆ ಒಂದು ಟ್ಯಾಂಕರ್ ಸಾಕು. ನಾಲ್ಕು ಲಕ್ಷ ಜನರ ಊರಿಗೆ? ಇದಕ್ಕೆ ನನಗೆ ಸಿಕ್ಕ ಅತಿ ಒಳ್ಳೆಯ ಉತ್ತರ ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ ಅವರದು. 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು ಊರುಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದರು. ಗಲಭೆ ಆಗುವ ಒಂದು ಊರು, ಆಗದ ಒಂದು ಊರು. ಉತ್ತರ ಪ್ರದೇಶದ ಅಲಿಗಢ ಮತ್ತು ಕೇರಳದ ಕ್ಯಾಲಿಕಟ್ (ಕೋಝಿಕ್ಕೋಡ್) ಒಂದು ಜೋಡಿ. ಎರಡರಲ್ಲೂ ಮುಸ್ಲಿಮರು ಮೂರನೇ ಒಂದು ಭಾಗಕ್ಕಿಂತ ತುಸು ಜಾಸ್ತಿ. ಎರಡು ಊರಿನಲ್ಲೂ ಕೆರಳಿಸುವ ರಾಜಕೀಯಕ್ಕೆ ಕೊರತೆ ಇರಲಿಲ್ಲ.

ವ್ಯತ್ಯಾಸ ಇದ್ದದ್ದು ಜನರ ನಡುವಿನ ಕೊಂಡಿಗಳಲ್ಲಿ. ಈ ಕೊಂಡಿಗಳಲ್ಲಿ ಅವರು ಎರಡು ಬಗೆ ಮಾಡುತ್ತಾರೆ. ಒಂದು ದಿನಬಳಕೆಯದು: ಮಾತುಕತೆ, ಮದುವೆಗೆ ಹೋಗುವುದು, ಮಕ್ಕಳು ಒಟ್ಟಿಗೆ ಆಡುವುದು. ಇನ್ನೊಂದು ಸಂಘದ್ದು: ವರ್ತಕರ ಸಂಘ, ಕಾರ್ಮಿಕ ಸಂಘ, ವಾಚನಾಲಯ, ಕ್ಲಬ್ಬು. ಹಳ್ಳಿಯಲ್ಲಿ ಮೊದಲನೆಯದೇ ಸಾಕಾಗಬಹುದು, ಎಲ್ಲರಿಗೂ ಎಲ್ಲರೂ ಗೊತ್ತು. 1950ರಿಂದ 1995ರವರೆಗಿನ ಹಿಂದೂ–ಮುಸ್ಲಿಂ ಗಲಭೆಗಳಲ್ಲಿ ಸತ್ತವರಲ್ಲಿ ಹಳ್ಳಿಗಳ ಪಾಲು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ ಎಂದು ಅವರ ಲೆಕ್ಕ. ನಗರದಲ್ಲಿ ಮಾತ್ರ ಪರಿಚಯದ ನಗೆ ಸಾಲದು. ಅಲ್ಲಿ ಸಂಘ ಬೇಕು, ಅದೂ ಎರಡೂ ಕಡೆಯವರು ಸದಸ್ಯರಾಗಿರುವ ಸಂಘ.

ಕ್ಯಾಲಿಕಟ್‌ನಲ್ಲಿ ವರ್ತಕರ ಸಂಘಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ಇದ್ದರು. ಊರು ಹೊತ್ತಿಕೊಂಡರೆ ಇಬ್ಬರ ಅಂಗಡಿಯೂ ಬಂದ್. ಹಾಗಾಗಿ ಪುಕಾರು ಹಬ್ಬಿದರೆ ಯಾರಿಗೆ ಫೋನ್ ಮಾಡಬೇಕು ಎಂದು ಅವರಿಗೆ ಗೊತ್ತಿತ್ತು. ಅಲಿಗಢದಲ್ಲಿ 1990ರ ಕೊನೆಗೆ ಒಂದು ಪುಕಾರು ಹಬ್ಬಿತು. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹಿಂದೂ ರೋಗಿಗಳನ್ನು ಕೊಲ್ಲುತ್ತಿದ್ದಾರೆ ಎಂದು. ಸ್ಥಳೀಯ ಪತ್ರಿಕೆಗಳು ಅದನ್ನು ಅಚ್ಚು ಹಾಕಿದವು. ಶುದ್ಧ ಸುಳ್ಳು. ಆದರೆ 'ಇಲ್ಲಪ್ಪಾ, ನಾನು ಈಗ ತಾನೆ ಅಲ್ಲಿಂದ ಬಂದೆ' ಎಂದು ಆ ಕಡೆಯವರು ಹೇಳಿ, ಈ ಕಡೆಯವರು ನಂಬುವಂಥ ದಾರಿಯೇ ಊರಲ್ಲಿ ಉಳಿದಿರಲಿಲ್ಲ. ಜನ ಸತ್ತರು.

ಮಹಾರಾಷ್ಟ್ರದ ಭಿವಂಡಿಯ ಕತೆಯೂ ಇದಕ್ಕೆ ಹತ್ತಿರದ್ದು. 1970ರಲ್ಲಿ, 1984ರಲ್ಲಿ ಭೀಕರ ಗಲಭೆ ಕಂಡ ಮಗ್ಗದ ಊರು ಅದು. 1988ರಲ್ಲಿ ಅಲ್ಲಿಗೆ ಬಂದ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಎರಡೂ ಸಮುದಾಯದವರು, ಜೊತೆಗೆ ಠಾಣೆಯವರು, ಆಗಾಗ ಸೇರುತ್ತಿದ್ದರು. 1992-93ರಲ್ಲಿ ಪಕ್ಕದ ಮುಂಬೈ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ಆಲ್‌ಪೋರ್ಟ್ ಹೇಳಿದ ನಾಲ್ಕನೆಯ ಮಾತು ಇಲ್ಲಿ ಕಾಣುತ್ತದೆ: ಬೆನ್ನಿಗೆ ನಿಂತ ಅಧಿಕಾರ.

ಡೈರಿ ಮತ್ತು ಅಲಾಯಿ ಕುಣಿ

ಕರ್ನಾಟಕದಲ್ಲಿ ಇಂಥ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಹಾಲಿನ ಡೈರಿ. ಬೆಳಿಗ್ಗೆ ಆರು ಗಂಟೆಗೆ ನಮ್ಮೂರಿನ ಡೈರಿ ಮುಂದೆ ನಿಂತು ನೋಡಬೇಕು. ಸಾಲಿನಲ್ಲಿ ಹತ್ತು ಹಸುವಿನ ಗೌಡರೂ ಇರುತ್ತಾರೆ, ಒಂದೇ ಹಸು ಸಾಕಿದ ಅಕ್ಕನೂ ಇರುತ್ತಾಳೆ. ಕ್ಯಾನಿನಿಂದ ಚೂರು ಹಾಲು ಪರೀಕ್ಷೆಗೆ ತೆಗೆಯುತ್ತಾರೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಗಟ್ಟಿ ಅಂಶ) ಎಷ್ಟು ಎಂದು ಯಂತ್ರ ಹೇಳುತ್ತದೆ, ರೇಟು ಅದರ ಮೇಲೆ. ಯಂತ್ರಕ್ಕೆ ಜಾತಿ ಗೊತ್ತಿಲ್ಲ. ಅಳತೆ ಆದ ಮೇಲೆ ಎಲ್ಲರ ಹಾಲೂ ಒಂದೇ ಪಾತ್ರೆಗೆ. ಮಡಿ ಮೈಲಿಗೆಯ ಲೆಕ್ಕದಲ್ಲಿ ಬೆಳೆದ ನಮ್ಮ ಅಜ್ಜಿಯ ಕಾಲದವರಿಗೆ ಇದು ಸಣ್ಣ ವಿಷಯ ಆಗಿರಲಿಲ್ಲ. 1970ರ ದಶಕದಿಂದ ರಾಜ್ಯದಲ್ಲಿ ಈ ಸಂಘಗಳು ಹಬ್ಬಿದವು. ಯಾರೂ 'ಸೌಹಾರ್ದ'ಕ್ಕಾಗಿ ಡೈರಿ ಕಟ್ಟಲಿಲ್ಲ. ಹಾಲಿಗೆ ಸರಿಯಾದ ದುಡ್ಡು ಬೇಕಿತ್ತು, ಅಷ್ಟೇ. ಡೈರಿಯಲ್ಲಿ ಬೆರೆತ ಹಾಲು ಮನೆಯ ಅಡುಗೆಕೋಣೆವರೆಗೆ ಬಂತಾ ಎಂದು ಕೇಳಿದರೆ, ಎಲ್ಲ ಊರಲ್ಲೂ ಬಂದಿಲ್ಲ. ಇರಾಕಿನ ಮೈದಾನದ ಮಿತಿಯೇ ಇಲ್ಲೂ ಇದೆ.

ಇನ್ನೊಂದು ಉತ್ತರ ಕರ್ನಾಟಕದ ಮೊಹರಂ. ರಾಯಚೂರು, ಕೊಪ್ಪಳ, ವಿಜಯಪುರ, ಗದಗದ ಕಡೆ ಇದು ಬರೀ ಮುಸ್ಲಿಮರ ಆಚರಣೆ ಅಲ್ಲ, ಊರ ಹಬ್ಬ. ಮುದಗಲ್ಲಿನ ಮೊಹರಂ ನೋಡಲು ದೂರದಿಂದ ಜನ ಬರುತ್ತಾರೆ. ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಮರ ಮನೆಯೇ ಇಲ್ಲದೆ ಊರವರೇ ಮೊಹರಂ ಮಾಡುವುದು ಸುದ್ದಿಯಾಗಿತ್ತು. ಅಲಾಯಿ ಕುಣಿ, ಅಂದರೆ ಬೆಂಕಿ ಹಾಕುವ ಗುಂಡಿ, ತೋಡಬೇಕು, ಕಟ್ಟಿಗೆ ತರಬೇಕು, ಪಂಜಾ (ಹಸ್ತದ ಆಕಾರದ ದೇವರು) ಹೊರಬೇಕು, ಹೆಜ್ಜೆ ಹಾಕಬೇಕು, ಮೊಹರಂನ ರಿವಾಯತ್ ಪದ ಹಾಡಬೇಕು. ಕೆಲಸಕ್ಕೊಂದು ಮನೆ, ಮನೆಗೊಂದು ಕೆಲಸ. ಒಬ್ಬರು ಬರದಿದ್ದರೆ ಹಬ್ಬ ನಿಲ್ಲುತ್ತದೆ. ನಮ್ಮ ಬೀದಿಯ ಒಬ್ಬಟ್ಟಿಗೂ ಈ ಹಬ್ಬಕ್ಕೂ ಇರುವ ವ್ಯತ್ಯಾಸ ಅದು.

ಆದರೆ ಇದನ್ನು ತೀರಾ ಚೆಂದ ಮಾಡಿ ಹೇಳಲೂ ನನಗೆ ಮನಸ್ಸಿಲ್ಲ. ಹಲಗೆ ಬಾರಿಸುವವರು ತಲೆಮಾರಿನಿಂದ ಅದೇ ಕೇರಿಯವರಾಗಿದ್ದರೆ ಅದು ಕೈ ಜೋಡಿಸುವುದೂ ಹೌದು, ಹಳೇ ಏಣಿಯ ಮೆಟ್ಟಿಲೂ ಹೌದು. ಸಮಾನತೆ ಇಲ್ಲದ ಕಡೆ ದಿನಾ ಸೇರಿದರೂ ಏಣಿ ಹಾಗೇ ಉಳಿಯುತ್ತದೆ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಮನೆಕೆಲಸದವರಿಗೆ ಬೇರೆ ಲಿಫ್ಟ್ ಇಡುತ್ತಾರಲ್ಲ. ಅವರು ದಿನಕ್ಕೆ ಎರಡು ಸಲ ನಮ್ಮ ಅಡುಗೆಮನೆಗೆ ಬರುತ್ತಾರೆ. ನಮ್ಮ ಗುಟ್ಟುಗಳೆಲ್ಲ ಅವರಿಗೆ ಗೊತ್ತು. ಇಷ್ಟು ಒಡನಾಟದಿಂದ ಏನಾಯಿತು?

ಸಮಾನತೆಯನ್ನು ಬೇಕೆಂದೇ ಏರ್ಪಾಟು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯ ಶಾಲೆಗಳಿವೆ. ಸರ್ಕಾರಿ ಜಾಗ ಪಡೆದ ಖಾಸಗಿ ಶಾಲೆಗಳು 2007ರಿಂದ ಬಡ ಮಕ್ಕಳಿಗೆ ಸೀಟು ಬಿಡಬೇಕಾಯಿತು. ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞ ಅಲ್ಲಿ ಒಂದು ರಿಲೇ ಓಟ ಇಟ್ಟರು. ಜೋಡಿಗೆ ಯಾರು ಬೇಕು, ವೇಗವಾಗಿ ಓಡುವ ಬಡ ಹುಡುಗನಾ, ನಿಧಾನಕ್ಕೆ ಓಡುವ ಶ್ರೀಮಂತ ಹುಡುಗನಾ? ಬಡ ಸಹಪಾಠಿಗಳ ಜೊತೆ ಕಲಿತ ಶ್ರೀಮಂತ ಮಕ್ಕಳು ಹಣದ ಮುಖ ನೋಡದೆ ಓಟ ನೋಡಿ ಆರಿಸಿದ್ದು ಜಾಸ್ತಿ. ಇನ್ನೂ ಒಂದು ವಿಷಯ. ಕೆಲವು ಶಾಲೆಗಳಲ್ಲಿ ಓದುವ ಗುಂಪನ್ನು ಹೆಸರಿನ ಅಕ್ಷರದ ಕ್ರಮದಲ್ಲಿ ಮಾಡುತ್ತಿದ್ದರು. ಅಕ್ಷರ ಹತ್ತಿರ ಬಂದು ಒಂದೇ ಗುಂಪಿಗೆ ಬಿದ್ದವರಲ್ಲಿ ಬದಲಾವಣೆ ಎದ್ದು ಕಂಡಿತು. ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಸೀಟುಗಳಿಂದ ಇಂಥದ್ದೇ ಅವಕಾಶ ಹುಟ್ಟಿತ್ತು. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಸೀಟಿಲ್ಲ ಎಂದು 2019ರಲ್ಲಿ ನಿಯಮ ಬದಲಾದ ಮೇಲೆ ಅದು ಬಹಳ ಕುಗ್ಗಿತು. ಆಗ ನಡೆದ ಚರ್ಚೆಯೆಲ್ಲ ಫೀಸಿನ ಬಗ್ಗೆ. ಜೊತೆಗೆ ಕೂರುವ ಬೆಂಚು ಹೋಯಿತು ಎಂಬುದು ಯಾರ ಬಾಯಲ್ಲೂ ಜಾಸ್ತಿ ಬರಲಿಲ್ಲ.

ನಿಮ್ಮ ಬೀದಿಯಲ್ಲಿ ಏನಾದರೂ ಶುರು ಮಾಡಬೇಕು ಅಂದರೆ ಸಭೆ, ಭಾಷಣದಿಂದ ಶುರು ಮಾಡಬೇಡಿ. ಯಾರೊಬ್ಬರಿಂದಲೂ ಒಂಟಿಯಾಗಿ ಆಗದ ಒಂದು ತಾಪತ್ರಯ ಹುಡುಕಿ. ಕಸದ ಗಾಡಿಯ ಹೊತ್ತು, ಉರಿಯದ ಬೀದಿದೀಪ, ಪಾರ್ಕಿನ ಬೀಗದ ಕೈ, ಮಳೆಗೆ ತುಂಬಿಕೊಳ್ಳುವ ಚರಂಡಿ, ಇವೇನೂ ಕಡಿಮೆ ಇಲ್ಲವಲ್ಲ. ಕೆಲಸ ಹಂಚುವಾಗ ಪರಿಚಯದವರನ್ನೇ ಜೋಡಿ ಮಾಡಬೇಡಿ. ದುಡ್ಡಿನ ಲೆಕ್ಕ ಎಲ್ಲರಿಗೂ ಕಾಣುವ ಹಾಗೆ ಇಡಿ. ಅದು ಒಂದು ಕಡೆ ಮುಚ್ಚಿಹೋದರೆ ಜಾತಿ, ಭಾಷೆ ಎಲ್ಲ ಒಂದೇ ದಿನದಲ್ಲಿ ವಾಪಸ್ ಬರುತ್ತವೆ, ನಾನು ಕಣ್ಣಾರೆ ಕಂಡಿದ್ದೇನೆ. ಬಾಡಿಗೆಯವರನ್ನೂ ಸೇರಿಸಿಕೊಳ್ಳಿ. ಎಷ್ಟೋ ಬಡಾವಣೆಯ ಸಂಘಗಳಲ್ಲಿ ಮಾಲೀಕರಿಗೆ ಮಾತ್ರ ಓಟು, ಬೀದಿಯಲ್ಲಿ ಮಾತ್ರ ಅರ್ಧ ಜನ ಬಾಡಿಗೆಯವರು.

ಜೂನ್‌ನಲ್ಲಿ ಮಳೆ ಹಿಡಿಯಿತು. ಟ್ಯಾಂಕರ್ ನಿಂತಿತು. ನಮ್ಮ ವಾಟ್ಸ್ಯಾಪ್ ಗುಂಪಿನ ಹೆಸರು ಈಗಲೂ 'ಟ್ಯಾಂಕರ್ 12000'. ಕೆಲವು ತಿಂಗಳು ಅದರಲ್ಲಿ ಗುಡ್ ಮಾರ್ನಿಂಗ್ ಹೂವು ಬಿಟ್ಟರೆ ಬೇರೇನೂ ಇರಲಿಲ್ಲ. ನನ್ನ ಫೋನಿನಲ್ಲಿ 'ಬಿಳಿ ಸ್ವಿಫ್ಟ್' ಹೋಗಿ ಭಾಯ್ ಹೆಸರು ಬಂದಿದೆ. ಪಿ.ಜಿ.ಯ ಹಳೇ ಹುಡುಗರು ಕೆಲಸ ಬದಲಾಯಿಸಿ ಹೋದರು, ಹೊಸಬರು ಬಂದಿದ್ದಾರೆ. ಅವರನ್ನು ಗುಂಪಿಗೆ ಸೇರಿಸುವುದು ಯಾರಿಗೂ ನೆನಪಾಗಿಲ್ಲ. ಹೋದ ವಾರ ಅಜ್ಜ ಗೇಟಿನ ಹತ್ತಿರ ನಿಂತು, "ಆ ಕೋಲು ನಿಮ್ಮನೇಲಿ ಇದೆಯಾ?" ಎಂದು ಕೇಳಿದರು. ಇದೆ, ಮೆಟ್ಟಿಲ ಕೆಳಗೆ. ಕೆಂಪು, ನೀಲಿ, ಹಳದಿ ಗೆರೆ ಯಾರದು ಎಂದು ನಮಗೆಲ್ಲ ಗೊತ್ತು. ಹಸಿರು ಗೆರೆ ತಮ್ಮದು ಎಂದು ಆ ಹೊಸ ಹುಡುಗರಿಗೆ ಇನ್ನೂ ಯಾರೂ ಹೇಳಿಲ್ಲ.